ಕಡಲ ತಳ ಕಾಣಬಯಸುವವರಿಗೆ

ಗದಾಯುದ್ಧದ ಪಾಠ ನಡೆಯುವಾಗ ಪ್ರತಿ ವರ್ಷವೂ ತರಗತಿಯ ಹಿಂದಿನ ಸಾಲಿನಿಂದ ಒಂದೇ ಪ್ರಶ್ನೆ ಏಳುತ್ತದೆ: “ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗಿ ಕುಳಿತನಲ್ಲ ಸರ್, ಉಸಿರು ಹೇಗೆ ಆಡಿದ?” ಜಲಸ್ತಂಭ ವಿದ್ಯೆಯ ಬಲದಿಂದ ಎಂದು ನಾನು ಉತ್ತರ ಕೊಡುತ್ತೇನೆ. ನಮ್ಮದು ಅಂಕೋಲೆ. ಇಲ್ಲಿನ ಹುಡುಗರು ಕಡಲಿನ ಮಗ್ಗುಲಲ್ಲಿ ಬೆಳೆದವರು. ಮುಳುಗಿದರೆ ಎಷ್ಟು ಹೊತ್ತು ಉಸಿರು ನಿಲ್ಲುತ್ತದೆಂಬುದನ್ನು ಕೇಣಿಯ ದಂಡೆಯಲ್ಲಿ ತಾವೇ ಅಳೆದು ನೋಡಿದವರು. ಮಂತ್ರದ ಮಾತಿನಿಂದ ಅವರಿಗೆ ಸಮಾಧಾನವಾಗುವುದಿಲ್ಲ.

ಆ ವಿದ್ಯೆ ಈಗ ಮಂತ್ರವಾಗಿ ಉಳಿದಿಲ್ಲ; ಯಂತ್ರವಾಗಿದೆ. ಫ್ರಾನ್ಸ್ ದೇಶದ ಝಾಕ್ ಕೂಸ್ತೋ ಎಂಬ ನೌಕಾಧಿಕಾರಿಯೂ ಎಮೀಲ್ ಗಾನ್ಯಾನ್ ಎಂಬ ಇಂಜಿನಿಯರನೂ ಕೂಡಿ 1943ರಲ್ಲಿ ಒಂದು ಉಸಿರಾಟದ ಸಾಧನವನ್ನು ಸಿದ್ಧಪಡಿಸಿದರು. ಬೆನ್ನಿಗೆ ಗಾಳಿಯ ಉರುಳೆ, ಬಾಯಿಗೆ ಅದರಿಂದ ಬಂದ ಕೊಳವೆ, ನಡುವೆ ಒಂದು ಜಾಣ ಕವಾಟ. ಮೇಲಿನ ಹಡಗಿಗೂ ಮುಳುಗಿದವನಿಗೂ ಹಗ್ಗವಿಲ್ಲ, ನಾಳವಿಲ್ಲ. ಮನುಷ್ಯನು ಮೀನಿನಂತೆ ಬೇಕಾದ ಕಡೆ ತಿರುಗಬಹುದು. ಇದಕ್ಕೇ ಇಂದು ಸ್ಕೂಬಾ ಎನ್ನುತ್ತಾರೆ. ಇಂಗ್ಲಿಷಿನ ಐದು ಶಬ್ದಗಳ ಮೊದಲಕ್ಷರಗಳನ್ನು ಪೋಣಿಸಿ ಕಟ್ಟಿದ ಹೆಸರು ಅದು. ನೀರೊಳಗೆ ಉಸಿರಾಡಲು ಬೇಕಾದ್ದನ್ನೆಲ್ಲ ತನ್ನಲ್ಲಿಯೇ ಹೊಂದಿದ ಸಾಧನ ಎಂಬುದು ಅದರ ತಾತ್ಪರ್ಯ.

ಇಷ್ಟನ್ನು ನಾನು ಓದಿ ತಿಳಿದಿದ್ದೆನೇ ಹೊರತು ಅದರಿಂದ ನನಗೇನೂ ಆಗಬೇಕಾದ್ದಿರಲಿಲ್ಲ. ಆದರೆ ಒಂದು ವರ್ಷ ಡಿಸೆಂಬರ್ ರಜೆಗೆ ಮುಂಚೆ ಹುಬ್ಬಳ್ಳಿಯಿಂದ ತಂಗಿಯ ಫೋನು ಬಂದಿತು. ಕಾಲೇಜಿಗೆ ಹೋಗುವ ಮಗ, ಹದಿಮೂರು ವರ್ಷದ ಮಗಳು, ಇಬ್ಬರೂ ಕಡಲಲ್ಲಿ ಮುಳುಗಿ ಹವಳ ನೋಡಬೇಕೆಂದು ಹಟ ಹಿಡಿದಿದ್ದಾರೆ; ಭಾವನಿಗೂ ಆಸೆಯಿದೆ; ತನಗೆ ನೀರೆಂದರೆ ಭಯ; ಅತ್ತೆಯವರಿಗೆ ಎಪ್ಪತ್ತೆರಡು, ಅವರಿಗೆ ದೇವದರ್ಶನವಾಗಬೇಕು. “ಎಲ್ಲರಿಗೂ ಒಗ್ಗುವ ಊರು ಯಾವುದು ಹೇಳು, ನೀನು ಕಡಲ ದಂಡೆಯವನು” ಎಂದಳು. ಕಡಲ ದಂಡೆಯವನೆಂಬ ಒಂದೇ ಅರ್ಹತೆಯ ಮೇಲೆ ನಾನು ಸಲಹೆಗಾರನಾದೆ. ಆ ಸಲಹೆಯಲ್ಲಿ ಒಂದು ದೊಡ್ಡ ತಪ್ಪೂ ಇತ್ತು. ಅದನ್ನು ಅದರ ಸ್ಥಳದಲ್ಲಿ ಹೇಳುತ್ತೇನೆ. ಇಂಥ ರಜೆಯನ್ನು ಯೋಚಿಸುವ ಮನೆಗಳು ಈಗ ಬಹಳವಾಗಿವೆ; ನನ್ನ ತಪ್ಪು ಅವರಿಗೆ ಪಾಠವಾದರೆ ಸಾಕು.

ಊರನ್ನು ಆರಿಸುವ ಮುಂಚೆ ನೀರಿನ ಸ್ವಭಾವವನ್ನು ತಿಳಿಯಬೇಕು. ಬಚ್ಚಲ ಹಂಡೆಯಲ್ಲಿ ತಂಬಿಗೆಯನ್ನು ಬೋರಲು ಹಿಡಿದು ನೇರವಾಗಿ ಕೆಳಕ್ಕೆ ಒತ್ತಿರಿ. ಒಳಗಿನ ಗಾಳಿ ಹೊರಗೆ ಹೋಗುವುದಿಲ್ಲ. ಆದರೆ ನೀರು ತಂಬಿಗೆಯ ಬಾಯಿಂದ ಕೂದಲೆಳೆಯಷ್ಟು ಮೇಲೇರುತ್ತದೆ. ಹಂಡೆಯ ಬದಲು ಕಡಲಿದ್ದು, ತಂಬಿಗೆಯನ್ನು ಹತ್ತು ಮೀಟರು ಇಳಿಸಿದರೆ ನೀರು ಅದರ ಅರ್ಧಕ್ಕೆ ಏರಿರುತ್ತದೆ. ಗಾಳಿ ಅರ್ಧಕ್ಕೆ ಕುಗ್ಗಿರುತ್ತದೆ. ನಮ್ಮ ತಲೆಯ ಮೇಲಿನ ಇಡೀ ವಾಯುಮಂಡಲದ ಭಾರ ಎಷ್ಟೋ, ಕಡಲ ನೀರಿನ ಪ್ರತಿ ಹತ್ತು ಮೀಟರಿನ ಭಾರವೂ ಸರಿಸುಮಾರು ಅಷ್ಟೆ. ಒತ್ತಡ ಇಮ್ಮಡಿಯಾದರೆ ಗಾಳಿಯ ಗಾತ್ರ ಅರ್ಧವಾಗುತ್ತದೆಂಬ ಈ ನಿಯಮವನ್ನು ಬಾಯ್ಲ್ ಎಂಬ ವಿಜ್ಞಾನಿ 17ನೆಯ ಶತಮಾನದಲ್ಲಿಯೇ ಹೇಳಿದ್ದಾನೆ.

ಮುಳುಗುವವನ ಎಲ್ಲ ನಿಯಮಗಳೂ ಈ ತಂಬಿಗೆಯೊಳಗಿವೆ. ಬೆನ್ನಿನ ಉರುಳೆಯಲ್ಲಿರುವುದು ಆಮ್ಲಜನಕವೆಂದು ಅನೇಕರು ತಿಳಿದಿದ್ದಾರೆ. ಅದು ನಾವು ನೀವು ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದಷ್ಟೆ. ಅದರ ಕವಾಟವು ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾಗಿ ಗಾಳಿ ಕೊಡುತ್ತದೆ. ಹಾಗಾಗಿ ಹತ್ತು ಮೀಟರಿನ ಆಳದಲ್ಲಿ ಒಂದು ಉಸಿರಿಗೆ ದಂಡೆಯ ಎರಡು ಉಸಿರಿನಷ್ಟು ಗಾಳಿ ಒಳಗೆ ಹೋಗಿರುತ್ತದೆ. ಆ ಉಸಿರನ್ನು ಬಿಗಿಹಿಡಿದು ಮೇಲಕ್ಕೆ ಬಂದರೆ ಗಾಳಿ ಹಿಗ್ಗುತ್ತದೆ, ಶ್ವಾಸಕೋಶ ಹಿಗ್ಗಲಾರದು, ಹರಿಯುತ್ತದೆ. ಕಡಮೆ ಆಳದಲ್ಲಿಯೂ ಈ ಅಪಾಯ ತಪ್ಪಿದ್ದಲ್ಲ. ನೀರಿನಲ್ಲಿ ಉಸಿರು ಹಿಡಿಯಬೇಕೆಂಬುದು ಹುಟ್ಟಿನಿಂದ ನಮಗೆ ಬಂದ ಬುದ್ಧಿ. ಸ್ಕೂಬಾದಲ್ಲಿ ಆ ಬುದ್ಧಿಯೇ ಶತ್ರು. ಎಂದಿಗೂ ಉಸಿರು ಹಿಡಿಯಬೇಡಿ, ಎಂದಿಗೂ ಅವಸರದಿಂದ ಮೇಲೇರಬೇಡಿ: ಇದು ಮೊದಲನೆಯ ಸೂತ್ರ.

ಎರಡನೆಯದು ಕಿವಿಯದು. ಯಲ್ಲಾಪುರದಿಂದ ಅರಬೈಲು ಘಟ್ಟವನ್ನು ಬಸ್ಸಿನಲ್ಲಿ ಇಳಿದು ಬಂದವರಿಗೆಲ್ಲ ಕಿವಿ ಕಟ್ಟಿಕೊಳ್ಳುವ ಅನುಭವವಿದೆ. ಉಗುಳು ನುಂಗಿದರೆ ಟಪ್ಪೆಂದು ಬಿಡುತ್ತದೆ. ಐನೂರು ಮೀಟರು ಘಟ್ಟ ಇಳಿದಾಗ ಹೆಚ್ಚುವ ಒತ್ತಡ, ಒಂದು ಆಳಿನುದ್ದದ ನೀರಿನಲ್ಲಿಯೇ ಮೀರಿಹೋಗುತ್ತದೆ. ಆದ್ದರಿಂದ ಮುಳುಗುವವನು ಒಂದೊಂದು ಮೊಳಕ್ಕೂ ಮೂಗು ಹಿಡಿದು ಮೆಲ್ಲನೆ ಊದಿ ಕಿವಿಯನ್ನು ಬಿಡಿಸಿಕೊಳ್ಳುತ್ತ ಇಳಿಯಬೇಕು. ನೋವಾಗುವ ಮುಂಚೆ ಬಿಡಿಸಬೇಕು. ನೋವಾದಮೇಲೆ ಬಲವಂತದಿಂದ ಊದುವುದು ಕಿವಿದಮ್ಮಟೆಗೆ ಕೇಡು. ಶೀತ ನೆಗಡಿ ಇದ್ದವನ ಕಿವಿಯ ದಾರಿ ಕಟ್ಟಿರುತ್ತದೆ. ಅವನು ಅಂದು ಮುಳುಗತಕ್ಕದ್ದಲ್ಲ.

ಮೂರನೆಯದನ್ನು ಗೋಲಿಸೋಡಾ ಕಲಿಸುತ್ತದೆ. ಬಾಟಲಿಯ ಬಾಯಿ ಕಟ್ಟಿರುವವರೆಗೆ ಅದು ತಿಳಿನೀರಿನಂತೆ ಕಾಣುತ್ತದೆ. ಗೋಲಿ ಒತ್ತಿದ ಕೂಡಲೆ ಗುಳ್ಳೆಗಳು ನುಗ್ಗುತ್ತವೆ. ಒತ್ತಡದಲ್ಲಿ ಕರಗಿದ್ದ ಅನಿಲ ಒತ್ತಡ ಇಳಿದಾಗ ಹೊರಬರುತ್ತದೆ. ಆಳದಲ್ಲಿ ಉಸಿರಾಡುವವನ ರಕ್ತದಲ್ಲಿಯೂ ಗಾಳಿಯ ಸಾರಜನಕ ಹೀಗೆಯೇ ಹೆಚ್ಚಾಗಿ ಕರಗುತ್ತದೆ. ಮೆಲ್ಲನೆ ಮೇಲೆ ಬಂದರೆ ಅದು ಉಸಿರಿನ ಮೂಲಕ ತಾನಾಗಿ ಹೊರಟುಹೋಗುತ್ತದೆ. ಒತ್ತಡ ಬೇಗನೆ ಇಳಿದರೆ ಮೈಯಲ್ಲಿ ಗುಳ್ಳೆಗಳಾಗಿ ಕೀಲುಗಳನ್ನೂ ನರಗಳನ್ನೂ ಕಾಡುತ್ತದೆ. ಮುಳುಗಿದ ಮೇಲೆ ಕೆಲವು ಗಂಟೆಗಳ ಕಾಲ ವಿಮಾನ ಹತ್ತಬಾರದೆನ್ನುವುದು ಇದಕ್ಕಾಗಿಯೇ. ಒಮ್ಮೆ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ಕಾಯಬೇಕೆಂಬುದು ಈಗ ರೂಢಿಯಲ್ಲಿರುವ ಎಣಿಕೆ. ವಿಮಾನದ ಮಾತು ನಮಗೇಕೆ ಎಂದು ಈ ವಾಕ್ಯವನ್ನು ದಾಟಿ ಹೋಗಬೇಡಿರಿ. ನಾನೂ ಹಾಗೆಯೇ ದಾಟಿ ಹೋಗಿದ್ದೆ.

ಇನ್ನು ಊರಿನ ಮಾತು. ಹೊಸಬನಿಗೆ ಬೇಕಾದ್ದು ಶಾಂತವಾದ, ತಿಳಿಯಾದ, ಹೆಚ್ಚು ಆಳವಿಲ್ಲದ, ಬೆಚ್ಚಗಿನ ನೀರು. ಮನೆಮಂದಿಗೆ ಬೇಕಾದ್ದು ಕೈಗೆಟಕುವ ದಾರಿ, ಕೈಸುಡದ ಖರ್ಚು, ಮುಳುಗದವರಿಗೆ ಹೊತ್ತು ಹೋಗುವ ಊರು. ಇವೆರಡೂ ಕೂಡಿ ಬರುವುದು ಅಪರೂಪ. ನೀರಿನ ದೃಷ್ಟಿಯಿಂದ ನಮ್ಮ ದೇಶದಲ್ಲಿ ಅಂದಮಾನಕ್ಕೂ ಲಕ್ಷದ್ವೀಪಕ್ಕೂ ಸಾಟಿಯಿಲ್ಲ. ಹ್ಯಾವ್‌ಲಾಕ್ ಎಂದು ಪ್ರಸಿದ್ಧವಾಗಿದ್ದು 2018ರಲ್ಲಿ ಸ್ವರಾಜ್ ದ್ವೀಪವೆಂಬ ಹೆಸರು ಪಡೆದ ದ್ವೀಪದಲ್ಲಿ ಹೊಸಬರಿಗೆ ಕಲಿಸುವ ಕೇಂದ್ರಗಳು ಬಹಳ. ಆದರೆ ಅಲ್ಲಿಗೆ ಮೊದಲು ವಿಮಾನ, ಅನಂತರ ಹಡಗು. ಲಕ್ಷದ್ವೀಪಕ್ಕೆ ಪ್ರವೇಶದ ಅಪ್ಪಣೆ ಮುಂಚಿತವಾಗಿ ಬೇಕು. ಎಪ್ಪತ್ತೆರಡರ ಅತ್ತೆಯವರನ್ನು ಅಷ್ಟು ದೂರ ಒಯ್ಯುವುದು ತಂಗಿಗೆ ಒಪ್ಪಿಗೆಯಾಗಲಿಲ್ಲ. ಹತ್ತಿರದಲ್ಲಿ ಗೋವೆಯ ಗ್ರಾಂಡೆ ದ್ವೀಪವಿದೆ. ಮಹಾರಾಷ್ಟ್ರದ ಮಾಲವಣದಲ್ಲಿ ಸಿಂಧುದುರ್ಗದ ಕೋಟೆಯ ಬಳಿ ಆಳವಿಲ್ಲದ ನೀರಿದೆ. ಇವೆರಡೂ ಹೊಸಬರು ಹೋಗುವ ಸ್ಥಳಗಳೇ.

ನಮ್ಮ ಕಾರವಾರದಲ್ಲಿಯೇ ಏಕಾಗಬಾರದು ಎಂದು ಕೇಳಬಹುದು. ಕಾರವಾರದ ಕೊಲ್ಲಿ ಕಣ್ಣಿಗೆ ಎಷ್ಟು ಚೆಲುವಾದರೂ ಅದು ಕಾಳಿನದಿ ಬಂದು ಸೇರುವ ಬಾಯಿ. ನದಿ ತರುವ ಕೆಸರಿನಿಂದ ನೀರು ಮಸುಕಾಗುತ್ತದೆ. ಮೇಲಾಗಿ ಅರಗೆಯ ಬಳಿ 2005ರಿಂದ ನೌಕಾಪಡೆಯ ಕದಂಬ ನೆಲೆಯಿದೆ; ವಾಸ್ಕೋ ಡ ಗಾಮನ ಹಡಗುಗಳು 1498ರಲ್ಲಿ ತಂಗಿದ್ದ ಅಂಜದೀವ ದ್ವೀಪವೂ ಈಗ ನೌಕಾಪಡೆಯ ವಶದಲ್ಲಿದೆ. ಕಂಡಲ್ಲಿ ಮುಳುಗುವ ಜಾಗ ಅದಲ್ಲ. ಆದರೆ ಇದೇ ಜಿಲ್ಲೆಯ ದಕ್ಷಿಣದ ತುದಿಯಲ್ಲಿ, ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ಸುಮಾರು ಹತ್ತು ನಾಟಿಕಲ್ ಮೈಲು ದೂರದಲ್ಲಿ, ನೇತ್ರಾಣಿ ದ್ವೀಪವಿದೆ. ದಂಡೆಯಿಂದ ದೂರವಾದ್ದರಿಂದ ನದಿಯ ಕೆಸರು ಅಲ್ಲಿಗೆ ಅಷ್ಟಾಗಿ ತಲುಪುವುದಿಲ್ಲ. ಬಂಡೆಗಳ ಬುಡದಲ್ಲಿ ಹವಳ, ಅದರ ಸುತ್ತ ಗಿಳಿಮೀನು, ಚಿಟ್ಟೆಮೀನು, ಬಂಡೆಯ ಸಂದಿನಿಂದ ಇಣಿಕುವ ಹಾವಿನಂಥ ಮೋರೆ ಮೀನು. ಮೇಲೆ ಕಡಲಹದ್ದಿನ ಗೂಡು. ಪಾರಿವಾಳಗಳಿಂದಾಗಿ ಇಂಗ್ಲಿಷರು ಅದನ್ನು ಪಾರಿವಾಳದ ದ್ವೀಪವೆಂದು ಕರೆದಿದ್ದರು. ನಮ್ಮ ಮೀನುಗಾರರಿಗೆ ಅದು ಜಟಕೇಶ್ವರನ ನೆಲೆ. ನೌಕಾಪಡೆ ಗುಂಡಿನ ಅಭ್ಯಾಸಕ್ಕೆ ಈ ದ್ವೀಪವನ್ನು ಗುರಿಯಾಗಿ ಬಳಸುತ್ತಿದ್ದುದೂ, ಪಕ್ಷಿ ಹವಳಗಳ ಸಲುವಾಗಿ ಅದಕ್ಕೆ ವಿರೋಧ ಬಂದುದೂ ಬಲ್ಲವರಿಗೆ ತಿಳಿದಿದೆ.

ಕಾರವಾರದಿಂದ ಮುರ್ಡೇಶ್ವರಕ್ಕೆ ಹೆದ್ದಾರಿಯಲ್ಲಿ ಸುಮಾರು 120 ಕಿಲೋಮೀಟರು. ಅಂಕೋಲೆಯಿಂದ ಇನ್ನೂ ಕಡಮೆ. 1998ರಲ್ಲಿ ಪೂರ್ಣವಾದ ಕೊಂಕಣ ರೈಲುಮಾರ್ಗ ಈ ಮೂರೂ ಊರುಗಳನ್ನು ಮುಟ್ಟುತ್ತದೆ. ಅಂಕೋಲೆಯಲ್ಲಿ ನಮ್ಮ ಮನೆಯಿದೆ. ಮಕ್ಕಳಿಗೆ ನೇತ್ರಾಣಿ, ಅತ್ತೆಯವರಿಗೆ ಗೋಕರ್ಣ, ಇಡಗುಂಜಿ, ಮುರ್ಡೇಶ್ವರಗಳ ದರ್ಶನ, ತಂಗಿಗೆ ತವರಿನ ಊಟ. ಎಲ್ಲ ತೂಗಿ ನೋಡಿ ನಾನು ನೇತ್ರಾಣಿಯನ್ನೇ ಹೇಳಿದೆ. ಅದು ಸರಿಯಾದ ಸಲಹೆಯೆಂದು ಈಗಲೂ ನನ್ನ ನಂಬಿಕೆ.

ಕಾಲದ ವಿಚಾರವೂ ಮುಖ್ಯ. ಅಕ್ಟೋಬರಿನಿಂದ ಮೇ ತಿಂಗಳ ತನಕ ಮುಳುಗುವ ಕಾಲ. ಅದರಲ್ಲಿಯೂ ಡಿಸೆಂಬರ್ ಜನವರಿಗಳಲ್ಲಿ ನೀರು ತಿಳಿಯಾಗಿ, ಹದಿನೈದು ಮೀಟರಿನಾಚೆಯ ಬಂಡೆಯೂ ಕಾಣುವ ದಿನಗಳಿರುತ್ತವೆ. ಮಳೆಗಾಲದಲ್ಲಿ ಕಡಲು ಯಾರದೂ ಅಲ್ಲ. ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ಯಂತ್ರದ ದೋಣಿಗಳಿಗೇ ಮೀನುಗಾರಿಕೆ ನಿಷೇಧ. ನೆಲವೂ ಆಗ ನಂಬಿಕೆಗೆ ತಕ್ಕುದಲ್ಲ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿಗೆ ದೂಡಿತು. ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಮುರಿದು ಬಿತ್ತು. ರಜೆಯ ಸುಖಕ್ಕಾಗಿ ಬರುವವರು ಮಳೆ ಹಿಂದಾದಮೇಲೆ ಬರುವುದೇ ಲೇಸು.

ಊರು ಗೊತ್ತಾಯಿತು, ಕಾಲ ಗೊತ್ತಾಯಿತು. ಕರೆದೊಯ್ಯುವವರು ಯಾರೆಂಬುದು ಉಳಿಯಿತು. ಇದರಲ್ಲಿ ಸಂಕೋಚ ಕೂಡದು. ವರನ ಮನೆಯನ್ನು ವಿಚಾರಿಸುವಂತೆ ವಿಚಾರಿಸಬೇಕು. ಈ ವರ್ಷದ ಸರಕಾರಿ ಪರವಾನಗಿ ಇದೆಯೆ? ಒಬ್ಬ ಶಿಕ್ಷಕ ಏಕಕಾಲಕ್ಕೆ ಎಷ್ಟು ಮಂದಿ ಹೊಸಬರನ್ನು ಇಳಿಸುತ್ತಾನೆ? ಮೊದಲು ಆಳವಿಲ್ಲದ ನೀರಿನಲ್ಲಿ ಅಭ್ಯಾಸ ಮಾಡಿಸುತ್ತಾರೆಯೆ? ದೋಣಿಯಲ್ಲಿ ತುರ್ತಿನ ಆಮ್ಲಜನಕ ಇದೆಯೆ? ಅನಾಹುತವಾದರೆ ಯಾವ ಆಸ್ಪತ್ರೆಗೆ, ಎಷ್ಟು ಹೊತ್ತಿನಲ್ಲಿ? ಹೊಸಬನನ್ನು 12 ಮೀಟರಿಗಿಂತ ಕೆಳಗೆ ಒಯ್ಯುವುದಿಲ್ಲ ತಾನೆ? ಶಿಕ್ಷಕನಿಗೆ ನಿಮ್ಮ ಮಾತು ಬರುತ್ತದೆಯೆ ಎಂಬುದನ್ನೂ ಕೇಳಿರಿ. ನೀರಿನೊಳಗೆ ಮಾತಿಲ್ಲ, ಎಲ್ಲವೂ ಕೈಸನ್ನೆ. ಆ ಸನ್ನೆಗಳನ್ನು ದಂಡೆಯ ಮೇಲೆಯೇ ತಾಯ್ನುಡಿಯಲ್ಲಿ ತಿಳಿದುಕೊಂಡಿರಬೇಕು. ನಮ್ಮಲ್ಲಿ ಹೆಬ್ಬೆರಳೆತ್ತಿದರೆ ಭಲೆ ಎಂದರ್ಥ. ನೀರಿನಲ್ಲಿ ಅದಕ್ಕೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ಸೊಗಸಾಗಿದೆಯೆಂದು ಹೆಬ್ಬೆರಳು ತೋರಿಸಿದವನನ್ನು ಎಳೆದು ಮೇಲಕ್ಕೆ ತಂದರೆ ಶಿಕ್ಷಕನ ತಪ್ಪಲ್ಲ.

ಈಜು ಬಾರದಿದ್ದರೂ ಸರಿಯೆಂದು ಎಲ್ಲ ಕಡೆಯೂ ಹೇಳುತ್ತಾರೆ. ಶಿಕ್ಷಕನು ಕೈಹಿಡಿದು ಇಳಿಸುವ ಒಂದು ದಿನದ ಅನುಭವಕ್ಕೆ ಅದು ನಿಜವೂ ಹೌದು. ಆದರೆ ನೀರಿನಲ್ಲಿ ಗಾಬರಿಯಾಗದೆ ಇರುವುದು ಈಜುವವನಿಗೆ ಸುಲಭ. ಮೂರು ನಾಲ್ಕು ದಿನ ಕಲಿತು ಪ್ರಮಾಣಪತ್ರ ಪಡೆದು 18 ಮೀಟರಿನವರೆಗೆ ಹೋಗುವ ಆಸೆಯುಳ್ಳವರಿಗಂತೂ ಈಜು ಬಂದೇ ತೀರಬೇಕು.

ಮುಳುಗುವ ಮುಂಚೆ ಒಂದು ಆರೋಗ್ಯದ ಕಾಗದವನ್ನು ತುಂಬಿಸಿಕೊಳ್ಳುತ್ತಾರೆ. ಉಬ್ಬಸವುಂಟೆ, ಹೃದಯದ ತೊಂದರೆಯುಂಟೆ, ಮೂರ್ಛೆಯುಂಟೆ, ಕಿವಿಯ ಶಸ್ತ್ರಚಿಕಿತ್ಸೆಯಾಗಿದೆಯೆ, ಗರ್ಭಿಣಿಯೆ, ನಿತ್ಯ ಔಷಧ ಸೇವಿಸುತ್ತೀರಾ ಎಂಬ ಪ್ರಶ್ನೆಗಳು. ಎಲ್ಲಕ್ಕೂ ‘ಇಲ್ಲ’ ಎಂದು ಗೀಟು ಹಾಕಿ ಕೊಡುವುದು ನಮ್ಮ ಪದ್ಧತಿ. ನನಗೂ ಒಳಗೊಳಗೆ ಆಸೆ ಹುಟ್ಟಿತ್ತು. ಮೂವತ್ತು ವರ್ಷ ಜಲಸ್ತಂಭದ ಪಾಠ ಹೇಳಿದವನಿಗೆ ಒಮ್ಮೆ ನೀರೊಳಗೆ ಕುಳಿತು ನೋಡುವ ಆಸೆ ತಪ್ಪೇನಲ್ಲವಷ್ಟೆ. ಐದು ವರ್ಷಗಳಿಂದ ರಕ್ತದೊತ್ತಡದ ಗುಳಿಗೆ ನುಂಗುತ್ತಿದ್ದೇನೆ. ಒಂದು ‘ಇಲ್ಲ’ ಬರೆದರೆ ದೋಣಿ, ಒಂದು ‘ಹೌದು’ ಬರೆದರೆ ವೈದ್ಯರು. ‘ಹೌದು’ ಎಂದು ಬರೆದೆ. ವೈದ್ಯರು ಪರೀಕ್ಷಿಸಿ, ಬೇಡ, ದೋಣಿಯಲ್ಲಿ ಕುಳಿತು ಬನ್ನಿ ಎಂದರು. ಮನಸ್ಸಿಗೆ ಕಹಿಯಾಯಿತು. ಆದರೆ ದಿನಾಲೂ ಹುಡುಗರಿಗೆ ಸತ್ಯವಾಕ್ಯದ ಪಾಠ ಹೇಳಿ, ಪ್ರಾಣದ ಪ್ರಶ್ನೆ ಬಂದಾಗ ಕಾಗದದ ಮೇಲೆ ಸುಳ್ಳು ಬರೆಯುವುದು ಹೇಗೆ?

ಅಂತೂ ಆ ಡಿಸೆಂಬರಿನ ಒಂದು ಬೆಳಗ್ಗೆ ಮುರ್ಡೇಶ್ವರದಿಂದ ದೋಣಿ ಹೊರಟಿತು. ಅತ್ತೆಯವರೂ ತಂಗಿಯೂ ದೇವಸ್ಥಾನದಲ್ಲಿ ಉಳಿದರು. ಇಪ್ಪತ್ತು ಅಂತಸ್ತಿನ ಗೋಪುರಕ್ಕೆ ಲಿಫ್ಟ್ ಇರುವುದರಿಂದ ಅತ್ತೆಯವರು ನಮ್ಮ ದೋಣಿಯನ್ನು ಮೇಲಿನಿಂದಲೇ ನೋಡಿದರಂತೆ. ಸುಮಾರು ಒಂದೂವರೆ ಗಂಟೆಯ ದಾರಿ. ತೆರೆಯ ತೂಗಾಟಕ್ಕೆ ನನ್ನ ಹೊಟ್ಟೆ ತೊಳಸಿತು. ಕಡಲ ದಂಡೆಯವನೆಂಬ ಹೆಮ್ಮೆ ಅರ್ಧದಾರಿಯಲ್ಲಿ ಮುಳುಗಿತು. ಭಾವನಿಗೆ ಹಿಂದಿನ ರಾತ್ರಿಯಿಂದ ನೆಗಡಿ. ಹಣ ಕಟ್ಟಿದ್ದೇವಲ್ಲ ಎಂದು ಯಾರಿಗೂ ಹೇಳದೆ ಇಳಿದರು. ಎರಡಾಳು ನೀರು ಇಳಿಯುವುದರಲ್ಲಿ ಕಿವಿ ತೋರಿಸಿ ಕೈ ಅಲ್ಲಾಡಿಸಿದರಂತೆ. ಶಿಕ್ಷಕನು ಮೆಲ್ಲನೆ ಮೇಲಕ್ಕೆ ತಂದನು. ಇನ್ನೊಮ್ಮೆ ನೋಡುತ್ತೇನೆ ಎಂದರೆ ಅವನು ಸುತರಾಂ ಒಪ್ಪಲಿಲ್ಲ. ಹೀಗೆ ದೋಣಿಯಲ್ಲಿ ನಾವಿಬ್ಬರು ಜೊತೆಯಾದೆವು, ಒಬ್ಬ ಸತ್ಯ ಹೇಳಿ ಉಳಿದವನು, ಒಬ್ಬ ಸತ್ಯ ಮುಚ್ಚಿಟ್ಟು ಮರಳಿದವನು. ಮಕ್ಕಳಿಬ್ಬರೂ ಒಬ್ಬೊಬ್ಬ ಶಿಕ್ಷಕನ ಕೈಹಿಡಿದು ಇಳಿದು, ಅರ್ಧ ಗಂಟೆಯೊಳಗೆ ಮೇಲೆ ಬಂದರು. ತಂಗಿಯ ಮಗಳು ಮುಖವಾಡ ತೆಗೆದವಳು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, “ಮಾಮಾ, ಒಳಗೆ ನನ್ನ ಉಸಿರಿನ ಸಪ್ಪಳ ನನಗೇ ಕೇಳುತ್ತಿತ್ತು” ಎಂದಳು.

ಮರಳುವ ದಾರಿಯಲ್ಲಿ ಶಿಕ್ಷಕನು ಸಹಜವಾಗಿ, “ಇವತ್ತು ರಾತ್ರಿ ಎಲ್ಲಿಗೆ?” ಎಂದು ಕೇಳಿದನು. ಸಂಜೆಯ ಬಸ್ಸಿಗೆ ಹುಬ್ಬಳ್ಳಿ ಎಂದೆವು. ಅವನು ತಲೆಯಾಡಿಸಿದನು. ಹುಬ್ಬಳ್ಳಿ ಸಮುದ್ರಮಟ್ಟದಿಂದ ಆರು ನೂರು ಮೀಟರಿಗಿಂತ ಎತ್ತರದಲ್ಲಿದೆ. ಬೆಂಗಳೂರು ಒಂಬೈನೂರಕ್ಕಿಂತ ಎತ್ತರದಲ್ಲಿದೆ. ಆರು ನೂರು ಮೀಟರಿನ ಮೇಲಕ್ಕೆ ಏರುವುದನ್ನು ವಿಮಾನ ಹತ್ತಿದಂತೆಯೇ ಎಣಿಸಬೇಕು. ಗಾಳಿಯ ಒತ್ತಡ ಇಳಿಯುವುದು ರೆಕ್ಕೆಯ ಮೇಲಾದರೇನು, ಗಾಲಿಯ ಮೇಲಾದರೇನು? ನನ್ನ ತಪ್ಪು ಇದೇ. ನಾಲ್ಕು ದಿನದ ಕಾರ್ಯಕ್ರಮ ಹಾಕಿದವನು ನಾನೇ. ಊಟದ ಕೊನೆಗೆ ಪಾಯಸ ಬಡಿಸುವಂತೆ, ಮಕ್ಕಳ ಆಸೆಯ ದಿನವನ್ನು ಕೊನೆಗೆ ಇಟ್ಟಿದ್ದೆ. ಮಧ್ಯಾಹ್ನ ನೀರಿನಿಂದ ಎದ್ದ ಮಕ್ಕಳನ್ನು ರಾತ್ರಿ ಎಂಟಕ್ಕೆ ಘಟ್ಟ ಹತ್ತಿಸಲು ಟಿಕೇಟು ತೆಗೆದಿದ್ದೆ. ಎಲ್ಲವನ್ನೂ ಗೊತ್ತುಮಾಡಿಕೊಟ್ಟ ದಲ್ಲಾಳಿ ಈ ಮಾತನ್ನೇ ಎತ್ತಿರಲಿಲ್ಲ; ನಾನೂ ಕೇಳಿರಲಿಲ್ಲ. ಆಳ ಕಡಮೆ, ಹೊತ್ತು ಕಡಮೆ, ಏನೂ ಆಗುತ್ತಿರಲಿಲ್ಲವೆಂದೇ ಹೇಳಬಹುದು. ಆದರೆ ಕಾಯುವುದರ ಬೆಲೆ ಒಂದು ಬಸ್ ಟಿಕೇಟು. ಕಾಯದಿರುವುದರ ಬೆಲೆಯನ್ನು ಯಾರು ಕಟ್ಟಬೇಕು? ಟಿಕೇಟಿನ ಹಣ ಹೋಯಿತು. ತಂಗಿ ಸಂಜೆಯ ತನಕ ನನ್ನೊಡನೆ ಮಾತು ಬಿಟ್ಟಿದ್ದಳು.

ಹೀಗೆ ತಪ್ಪಿನಿಂದ ದೊರೆತ ಐದನೆಯ ದಿನವೇ ಎಲ್ಲಕ್ಕಿಂತ ಚೆನ್ನಾಗಿ ಕಳೆಯಿತು. ಬೆಳಗ್ಗೆ ಕಾರವಾರಕ್ಕೆ ಹೋದೆವು. ದಂಡೆಯ ಮೇಲೆ ನಿಲ್ಲಿಸಿದ ಚಪಲ್ ಎಂಬ ಕ್ಷಿಪಣಿ ನೌಕೆಯೊಳಗೆ ಮಕ್ಕಳು ಹತ್ತಿ ಇಳಿದರು. ಇದೇ ದಂಡೆಗೆ 1883ರಲ್ಲಿ ರವೀಂದ್ರನಾಥ ಠಾಕೂರರು ಬಂದಿದ್ದರು. ಅಣ್ಣ ಸತ್ಯೇಂದ್ರನಾಥರು ಆಗ ಇಲ್ಲಿ ಜಿಲ್ಲಾ ನ್ಯಾಯಾಧೀಶರು. ‘ಪ್ರಕೃತಿರ ಪ್ರತಿಶೋಧ’ವೆಂಬ ನಾಟಕವನ್ನು ಠಾಕೂರರು ಇಲ್ಲಿಯೇ ಬರೆದರು. ದಂಡೆಗೆ ಈಗ ಅವರ ಹೆಸರೇ ಇದೆ. ಕಾಳಿಯ ಸೇತುವೆ ದಾಟಿದರೆ ಸೋದೆಯ ಅರಸರ ಸದಾಶಿವಗಡ. ಗುಡ್ಡದ ಮೇಲಿನಿಂದ ನದಿ, ಕಡಲು, ದೇವಬಾಗದ ಗಾಳಿಮರಗಳ ಸಾಲು, ಆಮೆಯಂತೆ ಬೆನ್ನುಬ್ಬಿದ ಕೂರ್ಮಗಡ, ಎಲ್ಲ ಒಮ್ಮೆಗೆ ಕಾಣುತ್ತವೆ. ಜನವರಿಯಲ್ಲಿ ಬರುವವರಿಗೆ ಕೂರ್ಮಗಡದ ನರಸಿಂಹನ ಜಾತ್ರೆ ಸಿಕ್ಕಬಹುದು; ದೋಣಿಯಲ್ಲಿ ಹೋಗುವ ಜಾತ್ರೆ ಅದು. ಮಧ್ಯಾಹ್ನ ಅಂಕೋಲೆಯ ಮನೆಯ ಊಟ. ಸಂಜೆ ಅತ್ತೆಯವರು 1930ರಲ್ಲಿ ಇಲ್ಲಿ ಉಪ್ಪಿನ ಕಾಯಿದೆ ಮುರಿದ ಕಥೆಯನ್ನು ಕೇಳಬೇಕೆಂದರು. ಕಡಲ ದಂಡೆಯಲ್ಲಿ ನಿಂತು ಹೇಳಿದೆ. ಕರ್ನಾಟಕದ ಬಾರ್ಡೋಲಿಯೆಂದು ಹೆಸರು ಪಡೆದ ನೆಲ ಇದು. ಮೇ ತಿಂಗಳಲ್ಲಿ ಬಂದರೆ ಕರಿಈಶಾಡು ಮಾವಿನಹಣ್ಣು ತಿನ್ನಿಸುತ್ತೇನೆ ಎಂದು ಮಾತು ಕೊಟ್ಟೆ. 2023ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ತಂಗಿಯ ಸಿಟ್ಟು ಇಳಿದದ್ದು ಆ ಮಾತಿಗೋ ರಾತ್ರಿಯ ಬಂಗಡೆಯ ಸಾರಿಗೋ ತಿಳಿಯದು.

ಆದ್ದರಿಂದ ಕಾರ್ಯಕ್ರಮ ಹಾಕುವವರು ಪಾಯಸವನ್ನು ಮೊದಲೇ ಬಡಿಸಿರಿ. ಬಂದ ದಿನ ವಿಶ್ರಾಂತಿ, ಮರುದಿನ ಕಡಲು, ಆಮೇಲೆ ಒಂದೆರಡು ದಿನ ಘಟ್ಟದ ಕೆಳಗಿನ ಊರುಗಳು: ಹೊನ್ನಾವರದ ಶರಾವತಿ, ಕುಮಟೆಯ ಮಿರ್ಜಾನ ಕೋಟೆ, ಗೋಕರ್ಣ, ಅಂಕೋಲೆ, ಕಾರವಾರ. ಕೊನೆಗೆ ಘಟ್ಟ. ಕಡಲು ಒಂದು ದಿನ ಮುನಿದರೂ ದೋಣಿಯನ್ನು ಮರುದಿನಕ್ಕೆ ಹಾಕಲು ಇದರಲ್ಲಿ ಎಡೆಯಿದೆ. ಮುಳುಗದವರಿಗಾಗಿ ಹುಡುಕಿದ ಊರುಗಳೇ ಮುಳುಗಿದವರಿಗೂ ಬೇಕಾದ ವಿಶ್ರಾಂತಿಯಾಗುತ್ತವೆ.

ಕೊನೆಗೊಂದು ಮಾತು. ಅದನ್ನು ಶಿಕ್ಷಕನಾಗಿ ಹೇಳದೆ ಇರಲಾರೆ. 2024ರ ಡಿಸೆಂಬರ್ 10ರಂದು ಇದೇ ಮುರ್ಡೇಶ್ವರದ ದಂಡೆಯಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ನೀರುಪಾಲಾದರು. ಅವರು ಆಳಕ್ಕೆ ಮುಳುಗಲು ಹೋದವರಲ್ಲ. ದಂಡೆಯ ತೆರೆಯಲ್ಲಿ ಆಡುತ್ತಿದ್ದ ಮಕ್ಕಳು. ನೇತ್ರಾಣಿಯಲ್ಲಿ ಮುಳುಗುವವನಿಗೆ ಒಬ್ಬ ಶಿಕ್ಷಕ, ಗಾಳಿಯ ಉರುಳೆ, ಕಾಯುವ ದೋಣಿ ಎಲ್ಲ ಇರುತ್ತವೆ. ದಂಡೆಯಲ್ಲಿ ಮೊಣಕಾಲುದ್ದ ನೀರಿಗೆ ಇಳಿದವನಿಗೆ ಯಾರೂ ಇರುವುದಿಲ್ಲ. ದಂಡೆಗೆ ಬಂದ ನೀರು ಎಲ್ಲಿಯಾದರೂ ಒಂದು ಕಡೆಯಿಂದ ಮರಳಿ ಹೋಗಲೇಬೇಕು. ಆ ಸೆಳವು ಇರುವಲ್ಲಿ ತೆರೆಗಳು ಒಡೆಯದೆ, ನೋಡುವವನಿಗೆ ಅದೇ ಶಾಂತವಾದ ಜಾಗವೆಂದು ತೋರುತ್ತದೆ. ಅಲ್ಲಿಗೇ ಜನ ಇಳಿಯುತ್ತಾರೆ. ಸೆಳವಿಗೆ ಸಿಕ್ಕವನು ದಂಡೆಯ ಕಡೆ ಸೆಣಸದೆ, ದಂಡೆಗೆ ಸಮಾನವಾಗಿ ಪಕ್ಕಕ್ಕೆ ಸರಿದು ಹೊರಬರಬೇಕು. ಶಕ್ತಿ ಸಾಲದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಜೀವರಕ್ಷಕರು ಬೇಡವೆಂದ ಕಡೆ ಇಳಿಯಲೇಬಾರದು. ಊರನ್ನು ಆರಿಸುವಾಗ ಮುಳುಗುವವರಿಗೆ ಶಿಕ್ಷಕನಾರೆಂದು ಕೇಳುವಂತೆಯೇ, ದಂಡೆಯಲ್ಲಿ ಉಳಿಯುವವರನ್ನು ಕಾಯುವವರು ಯಾರೆಂದೂ ಕೇಳಿರಿ. ಈ ಎರಡನೆಯ ಪ್ರಶ್ನೆಯನ್ನು ಕೇಳುವವರು ಕಡಮೆ.

ಜನವರಿಯಲ್ಲಿ ಶಾಲೆ ತೆರೆದಾಗ ಗದಾಯುದ್ಧದ ಪಾಠ ಮುಂದುವರಿಯಿತು. ಹಿಂದಿನ ಸಾಲಿನ ಪ್ರಶ್ನೆಯೂ ಬಂದಿತು. ಈ ಸಲ ನಾನು ಜವಾನನಿಂದ ಒಂದು ಬಕೆಟ್ ನೀರನ್ನೂ ಒಂದು ಗಾಜಿನ ಲೋಟವನ್ನೂ ತರಿಸಿದೆ. ಲೋಟವನ್ನು ಬೋರಲು ಹಿಡಿದು ಒತ್ತಿ, ದುರ್ಯೋಧನ ಹೇಗೆ ಉಸಿರಾಡಿದನೆಂದು ನನಗೆ ತಿಳಿಯದು, ನೀವು ಹೇಗೆ ಉಸಿರಾಡಬೇಕೆಂದು ಹೇಳುತ್ತೇನೆ ಕೇಳಿ ಎಂದೆ. ಹಿಂದಿನ ಸಾಲಿನವರು ಎದ್ದು ಮುಂದಕ್ಕೆ ಬಂದರು.